ಒಂದೇ ಪಂದ್ಯ ಎರಡು ಸಲ ಎಂಟ್ರಿ: ಬೇಸ್‌ಬಾಲ್ ದಾಖಲೆ ಪುಸ್ತಕದಲ್ಲಿ ಲೆಕ್ಕ ತಪ್ಪಿದ ಕಥೆಗಳು

ಒಂದೇ ಬಿಲ್ ಎರಡು ಸಲ ಖಾತೆಗೆ ಬಿದ್ದರೆ ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ತಲೆನೋವು ಶುರುವಾಗುತ್ತೆ. ಅಮೆರಿಕದ ಬೇಸ್‌ಬಾಲ್‌ನಲ್ಲೂ ಒಮ್ಮೆ ಹೀಗೇ ಒಂದು ಪಂದ್ಯ ಎರಡು ಸಲ ಲೆಕ್ಕಕ್ಕೆ ಬಿತ್ತು. ತಪ್ಪಾಗಿದ್ದು 1910ರಲ್ಲಿ, ಜನಕ್ಕೆ ಗೊತ್ತಾಗಿದ್ದು 1981ರಲ್ಲಿ. ಅಷ್ಟರಲ್ಲಿ ಆ ಲೆಕ್ಕದ ಆಟಗಾರ ತೀರಿಕೊಂಡು 20 ವರ್ಷ ಆಗಿತ್ತು.

ಕಥೆಗೆ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಕ್ರಿಕೆಟ್‌ನಲ್ಲಿ ಸರಾಸರಿ ಅಂದ್ರೆ ಒಟ್ಟು ರನ್ನನ್ನು ಔಟಾದ ಸಂಖ್ಯೆಯಿಂದ ಭಾಗಿಸೋದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಚೆಂಡು ಹೊಡೆದು ಔಟಾಗದೆ ಮೊದಲ ಬೇಸ್ ಮುಟ್ಟಿದರೆ ಅದು ಒಂದು 'ಹಿಟ್'. ಎಷ್ಟು ಸಲ ಬ್ಯಾಟ್ ಹಿಡಿದರು, ಅದರಲ್ಲಿ ಎಷ್ಟು ಹಿಟ್ ಅನ್ನೋದೇ ಸರಾಸರಿ. .300 ಅಂದ್ರೆ ಸಾವಿರಕ್ಕೆ ಮುನ್ನೂರು. ಹತ್ತರಲ್ಲಿ ಏಳು ಸಲ ಸೋತವನೂ ಅಲ್ಲಿ ದೊಡ್ಡ ಆಟಗಾರನೇ.

ಈಗ 1910ಕ್ಕೆ ಬರೋಣ. ಆ ವರ್ಷ ಹೆಚ್ಚು ಸರಾಸರಿ ತೆಗೆದವರಿಗೆ ಚಾಲ್ಮರ್ಸ್ ಕಂಪನಿಯ ಕಾರು ಬಹುಮಾನ. ಡೆಟ್ರಾಯಿಟ್‌ನ ಟೈ ಕಾಬ್, ಕ್ಲೀವ್‌ಲ್ಯಾಂಡ್‌ನ ನ್ಯಾಪ್ ಲಾಜೊಯಿ ಇಬ್ಬರ ನಡುವೆ ಪೈಪೋಟಿ. ಕಾಬ್ ಮಹಾ ಜಗಳಗಂಟ, ಎದುರಾಳಿಗಳಿಗೆ ಕಂಡರಾಗದು. ಸರಾಸರಿ ಇಳಿಯಬಾರದು ಅಂತ ಆತ ಕೊನೆಯ ಎರಡು ಪಂದ್ಯ ಆಡಲೇ ಇಲ್ಲ. ಇತ್ತ ಸೇಂಟ್ ಲೂಯಿಸ್ ತಂಡದ ಮ್ಯಾನೇಜರ್, ಲಾಜೊಯಿ ಗೆಲ್ಲಲಿ ಅಂತ ತನ್ನ ಮೂರನೇ ಬೇಸ್‌ನ ಹೊಸ ಹುಡುಗನನ್ನು ಬೇಕಂತಲೇ ಹಿಂದಕ್ಕೆ ನಿಲ್ಲಿಸಿದ. ಲಾಜೊಯಿ ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದ್ದೇ ಓಡಿದ್ದು. ಒಂದೇ ದಿನದ ಎರಡು ಪಂದ್ಯದಲ್ಲಿ ಎಂಟು ಹಿಟ್! ಗಲಾಟೆಯಾಗಿ ಆ ಮ್ಯಾನೇಜರ್ ಕೆಲಸ ಕಳೆದುಕೊಂಡ. ಕೊನೆಗೆ ಲೀಗ್‌ನವರು ಕಾಬ್ ಕೂದಲೆಳೆಯಷ್ಟು ಮುಂದೆ ಅಂತ ಘೋಷಿಸಿದರು. ಕಾರಿನ ಕಂಪನಿ ಜಾಣತನ ಮಾಡಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟು ಕೈ ತೊಳೆದುಕೊಂಡಿತು.

ಎಪ್ಪತ್ತು ವರ್ಷದ ನಂತರ ಹಳೇ ಹಾಳೆಗಳನ್ನು ಕೆದಕಿದವರಿಗೆ ಕಂಡಿದ್ದೇನು? ಕಾಬ್ ಎರಡು ಹಿಟ್ ಹೊಡೆದಿದ್ದ ಒಂದು ಪಂದ್ಯ ಎರಡು ಸಲ ಬರೆದಿದೆ. ಅದನ್ನು ತೆಗೆದರೆ ಆ ವರ್ಷ ಲಾಜೊಯಿಯೇ ಮೇಲೆ. 1981ರಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ಇದನ್ನು ಪ್ರಕಟಿಸಿತು. ಆಗಿನ ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್, ಹಳೇ ಲೆಕ್ಕವೇ ಇರಲಿ, ತಿದ್ದೋದಿಲ್ಲ ಅಂದುಬಿಟ್ಟರು.

ಇದರ ಬಾಲ ಇನ್ನೂ ಉದ್ದ ಇದೆ. ಕಾಬ್‌ನ ಜೀವಮಾನದ ಒಟ್ಟು ಹಿಟ್ 4,191 ಅಂತ ಎಲ್ಲರೂ ಬಾಯಿಪಾಠ ಮಾಡಿದ್ದರು. 1985ರ ಸೆಪ್ಟೆಂಬರ್ 11ರಂದು ಪೀಟ್ ರೋಸ್ 4,192ನೇ ಹಿಟ್ ಹೊಡೆದಾಗ ಸಿನ್ಸಿನಾಟಿ ಮೈದಾನದಲ್ಲಿ ಹಬ್ಬ. ಆದರೆ ತಿದ್ದಿದ ಲೆಕ್ಕದಲ್ಲಿ ಕಾಬ್‌ನದು 4,189. ಅಂದ್ರೆ ದಾಖಲೆ ನಿಜವಾಗಿ ಮುರಿದಿದ್ದು ಮೂರು ದಿನ ಮೊದಲೇ, ಶಿಕಾಗೋದಲ್ಲಿ. ಅಲ್ಲಿದ್ದ ಪ್ರೇಕ್ಷಕರಿಗೆ ತಾವು ಏನು ನೋಡ್ತಿದ್ದೀವಿ ಅಂತಲೇ ಗೊತ್ತಿರಲಿಲ್ಲ.

ಹ್ಯಾಕ್ ವಿಲ್ಸನ್‌ದು ಇದಕ್ಕೆ ಉಲ್ಟಾ. 1930ರಲ್ಲಿ ಈತನ ಹೊಡೆತಗಳಿಂದ ತಂಡಕ್ಕೆ ಬಂದ ರನ್ 190 ಅಂತ ಬರೆದಿದ್ದರು. ಒಂದು ರನ್ ಅದೇ ತಂಡದ ಇನ್ನೊಬ್ಬ ಆಟಗಾರನ ಖಾತೆಗೆ ಹೋಗಿತ್ತು. 69 ವರ್ಷ ಕಳೆದು 1999ರಲ್ಲಿ ಅದನ್ನು 191 ಮಾಡಿದರು. ಒಂದು ಸೀಸನ್‌ನ ಆ ದಾಖಲೆ ಇವತ್ತಿಗೂ ಯಾರೂ ಮುಟ್ಟಿಲ್ಲ. ವಿಲ್ಸನ್ ಸತ್ತಿದ್ದು 1948ರಲ್ಲೇ.

ಎಲ್ಲ ವಿಚಿತ್ರವೂ ತಪ್ಪಿನಿಂದಲೇ ಆಗೋದಿಲ್ಲ. 1982ರ ಆಗಸ್ಟ್ 4ರಂದು ಜೋಯೆಲ್ ಯಂಗ್‌ಬ್ಲಡ್ ಮಧ್ಯಾಹ್ನ ಶಿಕಾಗೋದಲ್ಲಿ ಮೆಟ್ಸ್ ತಂಡಕ್ಕೆ ಒಂದು ಹಿಟ್ ಹೊಡೆದ. ಆಟದ ಮಧ್ಯೆಯೇ ಎಕ್ಸ್‌ಪೋಸ್ ತಂಡಕ್ಕೆ ವರ್ಗ ಅಂತ ಸುದ್ದಿ ಬಂತು. ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ ರಾತ್ರಿ ಅಲ್ಲೂ ಒಂದು ಹಿಟ್. ಒಂದೇ ದಿನ, ಎರಡು ಊರು, ಎರಡು ತಂಡ.

ಇನ್ನು 2024ರಲ್ಲಿ ಡ್ಯಾನಿ ಜಾನ್ಸನ್ ಅನ್ನೋ ಆಟಗಾರ ಒಂದೇ ಪಂದ್ಯದಲ್ಲಿ ಎರಡೂ ತಂಡದ ಪರ ಆಡಿದ! ಜೂನ್ 26ರಂದು ಟೊರಾಂಟೊ ಪರ ಬ್ಯಾಟ್ ಹಿಡಿದು ನಿಂತಿದ್ದಾಗ ಮಳೆ ಬಂತು, ಆಟ ನಿಂತಿತು. ಮುಂದಿನ ತಿಂಗಳು ಆತನನ್ನು ಎದುರಾಳಿ ಬಾಸ್ಟನ್ ತಂಡವೇ ತೆಗೆದುಕೊಂಡಿತು. ಆಗಸ್ಟ್ 26ರಂದು ಅದೇ ಪಂದ್ಯ ನಿಂತಲ್ಲಿಂದ ಶುರುವಾದಾಗ ಜಾನ್ಸನ್ ಬಾಸ್ಟನ್‌ನ ಕ್ಯಾಚರ್, ಅಂದ್ರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ತಾನು ಅರ್ಧಕ್ಕೆ ಬಿಟ್ಟ ಬ್ಯಾಟಿಂಗನ್ನು ಬೇರೆಯವನು ಮುಗಿಸೋದನ್ನು ತಾನೇ ಹಿಂದೆ ಕೂತು ನೋಡಿದ.

ಪುಸ್ತಕದಲ್ಲೇ ಇಲ್ಲದವರು

ಇಲ್ಲಿವರೆಗಿನದು ಬರೆಯುವಾಗಿನ ತಪ್ಪು, ಇಲ್ಲವೇ ತಮಾಷೆ. ದೊಡ್ಡ ತಪ್ಪು ಬೇರೆಯೇ ಇದೆ. 1947ರವರೆಗೆ ಮೇಜರ್ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಜಾಗ ಇರಲಿಲ್ಲ. ಹಾಗಂತ ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ, ಮಾಲೀಕರು ಮಾತಾಡಿಕೊಂಡೇ ನಡೆಸಿಬಿಟ್ಟರು. ಹಾಗಾಗಿ ಕಪ್ಪು ಆಟಗಾರರು ನೀಗ್ರೋ ಲೀಗ್ಸ್ ಅಂತ ಕರೆಯಲಾಗುತ್ತಿದ್ದ ತಮ್ಮದೇ ಲೀಗ್‌ಗಳಲ್ಲಿ ಆಡಿದರು. ಅವರ ಹಿಟ್, ಅವರ ರನ್ ಅಧಿಕೃತ ಲೆಕ್ಕಕ್ಕೆ ಸೇರಲೇ ಇಲ್ಲ.

ಜಾಶ್ ಗಿಬ್ಸನ್ ಅವರಲ್ಲಿ ಒಬ್ಬ. ಆತನ ಹೊಡೆತದ ಬಗ್ಗೆ ದಂತಕಥೆಗಳೇ ಇವೆ. ಮೆದುಳಿನ ಕಾಯಿಲೆಯಿಂದ ನರಳಿ 1947ರ ಜನವರಿ 20ರಂದು 35ನೇ ವಯಸ್ಸಿನಲ್ಲಿ ತೀರಿಕೊಂಡ. ಮೂರು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕಿಳಿದು ಆ ಗೋಡೆ ಒಡೆದರು.

ಸ್ಯಾಚೆಲ್ ಪೇಜ್ ಮಾತ್ರ ಬದುಕಿದ್ದು ಬಾಗಿಲು ತೆರೆಯೋದನ್ನು ಕಂಡವರು. 1948ರಲ್ಲಿ ಮೇಜರ್ ಲೀಗ್‌ಗೆ ಬಂದಾಗ ಅವರಿಗೆ 42 ವರ್ಷ. ಎಲ್ಲರೂ ನಿವೃತ್ತಿಯಾಗೋ ವಯಸ್ಸಲ್ಲಿ ಅವರದು ಹೊಸ ಪ್ರವೇಶ! 1965ರಲ್ಲಿ, 59ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಇಳಿದು ಮೂರು ಇನಿಂಗ್ಸ್ ಚೆಂಡೆಸೆದು ಒಂದೇ ಒಂದು ಹಿಟ್ ಬಿಟ್ಟುಕೊಟ್ಟರು, ರನ್ ಸೊನ್ನೆ.

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ, 1920ರಿಂದ 1948ರವರೆಗಿನ ಅಂಥ ಏಳು ಲೀಗ್‌ಗಳೂ ಮೇಜರ್ ಲೀಗೇ ಅಂತ ಒಪ್ಪಿಕೊಂಡಿತು. ಆಮೇಲೆ ಹಳೇ ಪತ್ರಿಕೆಗಳ ಸ್ಕೋರ್ ವಿವರಗಳನ್ನು ಒಂದೊಂದಾಗಿ ಹುಡುಕಿ ತಾಳೆ ನೋಡಿ, 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕವನ್ನು ಪುಸ್ತಕಕ್ಕೆ ಸೇರಿಸಿದರು. ಒಂದೇ ದಿನದಲ್ಲಿ ಮೇಲಿನ ಹೆಸರುಗಳು ಅದಲು ಬದಲು. ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ನ .367 ಎರಡನೇ ಸ್ಥಾನಕ್ಕೆ ಇಳಿಯಿತು, .372ರೊಂದಿಗೆ ಗಿಬ್ಸನ್ ಮೊದಲಿಗ. 1943ರ ಒಂದೇ ಸೀಸನ್‌ನಲ್ಲಿ ಆತನದು .466. ಅದೂ ದಾಖಲೆ.

ತಕರಾರು ಇಲ್ಲದೇ ಇಲ್ಲ. ಆ ಲೀಗ್‌ಗಳ ಸೀಸನ್ ಚಿಕ್ಕದು, ಪಂದ್ಯಗಳು ಕಮ್ಮಿ ಅನ್ನೋರಿದ್ದಾರೆ. ಮಾತು ನಿಜವೇ. ಆದರೆ ಚಿಕ್ಕ ಸೀಸನ್ ಆಡಬೇಕಾಗಿ ಬಂದಿದ್ದು ಯಾರಿಂದ? ಅದೂ ಅಲ್ಲದೆ ಹೊಟ್ಟೆಪಾಡಿಗೆ ಊರೂರು ಸುತ್ತಿ ಆಡಿದ ಪ್ರದರ್ಶನ ಪಂದ್ಯಗಳನ್ನು ಈಗಲೂ ಲೆಕ್ಕಕ್ಕೆ ಹಿಡಿದಿಲ್ಲ. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಗಿಬ್ಸನ್ ಹೋಮ್ ರನ್‌ಗಳು ಹೆಚ್ಚುಕಮ್ಮಿ 800 ಅಂತಿದೆ. ಅಧಿಕೃತ ಪುಸ್ತಕದಲ್ಲಿ 200 ಕೂಡ ಇಲ್ಲ.

ವಿಲ್ಲಿ ಮೇಸ್‌ಗೂ ಆ ದಿನ ಹತ್ತು ಹಿಟ್ ಸೇರಿತು. 1948ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಹೊಡೆದಿದ್ದವು. 3,283 ಇದ್ದದ್ದು 3,293 ಆಯಿತು. ಆ ಹತ್ತು ಹಿಟ್ ಖಾತೆಗೆ ಬಿದ್ದ ಮೂರು ವಾರದೊಳಗೆ, ಜೂನ್ 18ರಂದು, 93ನೇ ವಯಸ್ಸಿನಲ್ಲಿ ಮೇಸ್ ತೀರಿಕೊಂಡರು.