ಗಾಲ್ಫ್ ಮೈದಾನದ ಮಣ್ಣು, ಗಡುವಿಲ್ಲದ ದಾನ

ಮಣ್ಣಿನಿಂದಲೇ ಶುರು ಮಾಡೋಣ. ಜಪಾನಿನ ಇತೊ ಪಟ್ಟಣದ ಹತ್ತಿರ ಕಡಲಿಗೆ ಮುಖ ಮಾಡಿಕೊಂಡು ಕವಾನಾ ಎಂಬ ಗಾಲ್ಫ್ ಮೈದಾನವಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಸತೊಶಿ ಒಮುರಾ ಎಂಬ ವಿಜ್ಞಾನಿ ಅದರ ಪಕ್ಕದಿಂದ ಒಂದಿಷ್ಟು ಮಣ್ಣು ಕೆರೆದು ಚೀಲಕ್ಕೆ ಹಾಕಿಕೊಂಡರು. ಹೋದ ಕಡೆಯಲ್ಲೆಲ್ಲ ಮಣ್ಣು ತರುವುದು ಅವರ ಚಾಳಿ! ಆ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿ ಸಮುದ್ರ ದಾಟಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಮರ್ಕ್ ಔಷಧ ಕಂಪನಿಯ ಪ್ರಯೋಗಾಲಯ ಸೇರಿತು. ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ತಂಡ ಅದರ ಸಾರವನ್ನು ಜಂತುಹುಳು ಹತ್ತಿದ ಇಲಿಗಳಿಗೆ ಕೊಟ್ಟು ನೋಡಿದರೆ, ಹುಳುಗಳೇ ಇಲ್ಲ!

ಅದನ್ನು ತಿದ್ದಿ ತೀಡಿ ಮಾಡಿದ ಔಷಧವೇ ಐವರ್‌ಮೆಕ್ಟಿನ್. ಹೌದು, ಕೋವಿಡ್ ದಿನಗಳಲ್ಲಿ ವಾಟ್ಸಾಪಿನಲ್ಲಿ ಹರಿದಾಡಿದ ಹೆಸರೇ. ನಮ್ಮ ಪಶುವೈದ್ಯರು ದನಗಳ ಉಣ್ಣೆಗೆ, ಕಜ್ಜಿಗೆ ಚುಚ್ಚುವುದೂ ಇದನ್ನೇ. 1981ರಲ್ಲಿ ಪಶುಗಳ ಔಷಧವಾಗಿ ಮಾರುಕಟ್ಟೆಗೆ ಬಂದು ಕಂಪನಿಗೆ ಹಣದ ಹೊಳೆ ಹರಿಸಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಇದೊಂದು ಒಳ್ಳೆಯ ವ್ಯಾಪಾರದ ಕಥೆ, ಅಷ್ಟೇ.

ಆದರೆ ಆಫ್ರಿಕದ ಹೊಳೆದಂಡೆಗಳಲ್ಲಿ ಇನ್ನೊಂದು ಹುಳುವಿತ್ತು. ರಭಸದ ನೀರಿನಲ್ಲಿ ಹುಟ್ಟುವ ಪುಟಾಣಿ ಕರಿನೊಣ ಕಚ್ಚಿದಾಗ ಮೈಗೆ ಸೇರುವ ಈ ಹುಳು ಚರ್ಮದಡಿ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬದುಕುತ್ತದೆ. ಲಕ್ಷಗಟ್ಟಲೆ ಮರಿ ಹಾಕುತ್ತದೆ. ಆ ಮರಿಗಳು ಮೈಯೆಲ್ಲ ಹರಡಿ, ಕೆರೆದು ಕೆರೆದು ರಕ್ತ ಬರುವಂಥ ನವೆ ತರಿಸಿ, ಕೊನೆಗೆ ಕಣ್ಣಿಗೇ ನುಗ್ಗುತ್ತವೆ. ಪಶ್ಚಿಮ ಆಫ್ರಿಕದ ಕೆಲವು ಸಮುದಾಯಗಳಲ್ಲಿ ನಲವತ್ತು ದಾಟಿದ ಗಂಡಸರಲ್ಲಿ ಅರ್ಧದಷ್ಟು ಜನ ಕುರುಡರು! ಜನ ಫಲವತ್ತಾದ ಹೊಳೆದಂಡೆಯನ್ನೇ ಬಿಟ್ಟು ಒಣನೆಲಕ್ಕೆ ಗುಳೆ ಹೋಗುತ್ತಿದ್ದರು. ಕಣ್ಣು ಉಳಿಸಿಕೊಂಡರೆ ಅನ್ನವಿಲ್ಲ, ಅನ್ನಕ್ಕೆ ಹೋದರೆ ಕಣ್ಣಿಲ್ಲ. ರೋಗದ ಹೆಸರು ನದಿಕುರುಡು.

ಕುದುರೆಯಲ್ಲಿದ್ದ ಇದೇ ಜಾತಿಯ ಹುಳುವಿನ ಮೇಲೆ ಔಷಧ ಕೆಲಸ ಮಾಡಿದ್ದನ್ನು ಕಂಡ ಕ್ಯಾಂಪ್‌ಬೆಲ್, ಮನುಷ್ಯರ ಮೇಲೂ ಯಾಕಾಗಬಾರದು ಎಂದು ಕೇಳಿದರು. ಇಂದಿನ ಬಾಂಗ್ಲಾದೇಶದ ನೆಲದಲ್ಲಿ ಹುಟ್ಟಿದ ಮರ್ಕ್‌ನ ವೈದ್ಯ ಮೊಹಮ್ಮದ್ ಅಜೀಜ್ 1981ರಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ಪ್ರಯೋಗ ಶುರು ಮಾಡಿದರು. ಒಂದೇ ಒಂದು ಡೋಸ್. ಚರ್ಮದಲ್ಲಿ ಕಿಕ್ಕಿರಿದಿದ್ದ ಮರಿಗಳು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಪತ್ತೆಯೇ ಇಲ್ಲ!

ಈಗ ಬರುತ್ತದೆ ನೋಡಿ ಪೇಚು. ಔಷಧ ಸಿದ್ಧ, ಕೊಳ್ಳುವವರಿಲ್ಲ. ರೋಗಿಗಳ ಬಳಿ ಬಿಡಿಗಾಸಿಲ್ಲ, ಅವರ ಸರ್ಕಾರಗಳ ಬಳಿಯೂ ಇಲ್ಲ. ಕಂಪನಿಯ ಮುಖ್ಯಸ್ಥ ರಾಯ್ ವ್ಯಾಗಲೊಸ್ ಅಮೆರಿಕ ಸರ್ಕಾರದ ಬಾಗಿಲು ತಟ್ಟಿದರು, ಹಣ ಹುಟ್ಟಲಿಲ್ಲ. ಕೊನೆಗೆ 1987ರ ಅಕ್ಟೋಬರ್‌ನಲ್ಲಿ ಅವರು ಘೋಷಿಸಿದ್ದು ಇಷ್ಟು: ಬೇಕಾದವರಿಗೆಲ್ಲ ಬೇಕಾದಷ್ಟು, ಬೇಕಾದಷ್ಟು ವರ್ಷ, ಪುಕ್ಕಟೆ.

ಬೇಕಾದಷ್ಟು ವರ್ಷ! ಈ ಮಾತ್ರೆ ಮರಿಗಳನ್ನು ಕೊಲ್ಲುತ್ತದೆಯೇ ಹೊರತು ತಾಯಿಹುಳುವನ್ನಲ್ಲ. ಅಂದರೆ ವರ್ಷ ವರ್ಷವೂ ಕೊಡುತ್ತಲೇ ಇರಬೇಕು. ಮೊತ್ತವನ್ನೂ ದಿನಾಂಕವನ್ನೂ ಬರೆಯದ ಚೆಕ್ಕಿಗೆ ಕಂಪನಿ ಸಹಿ ಹಾಕಿತ್ತು.

ತಲುಪಿಸಿದ ಬಗೆಯಂತೂ ಇನ್ನೂ ಚೆಂದ. ರಸ್ತೆಯಿಲ್ಲದ ಹಳ್ಳಿಗೆ ಡಾಕ್ಟರನ್ನೂ ತೂಕದ ಯಂತ್ರವನ್ನೂ ಎಲ್ಲಿಂದ ತರುವುದು? ಒಂದು ಕೋಲು ತಂದರು, ಅದರ ಮೇಲೆ ಗೆರೆ ಎಳೆದರು. ತೂಕದ ಬದಲು ಎತ್ತರ ನೋಡಿದರೆ ಸಾಕು. ಮೊದಲ ಗೆರೆ ಮುಟ್ಟಿದ ಮಗುವಿಗೆ ಒಂದು ಮಾತ್ರೆ, ಎತ್ತರದ ಆಳಿಗೆ ನಾಲ್ಕು, 90 ಸೆಂಟಿಮೀಟರ್ ಮುಟ್ಟದ ಕೂಸಿಗೆ ಬೇಡ. ಹಂಚುವವರು ಯಾರು? ಊರಿನವರೇ ಆರಿಸಿದ ಊರಿನವರು. ಹಂಚಲು ಅವರೇ ಸಾಕು. ಕೋಟುಧಾರಿಗಳು ಬೇಕಿಲ್ಲ.

ಇದರಿಂದ ಕಂಪನಿಗೆ ಸಿಕ್ಕಿದ್ದೇನು? ತೆರಿಗೆ ವಿನಾಯಿತಿ ಸಿಕ್ಕಿತು, ನಿಜ. ಅದಕ್ಕಿಂತ ದೊಡ್ಡದೊಂದನ್ನು ವ್ಯಾಗಲೊಸ್ ಮತ್ತೆ ಮತ್ತೆ ಹೇಳುತ್ತಿದ್ದರು. ಪ್ರತಿಭಾವಂತ ವಿಜ್ಞಾನಿಗಳು ತಾವಾಗಿ ಅರ್ಜಿ ಹಿಡಿದು ಬಂದರಂತೆ. ಔಷಧ ಕಂಪನಿಗೆ ತಲೆಗಳೇ ಬಂಡವಾಳವಲ್ಲವೇ! ಫಾರ್ಚೂನ್ ಪತ್ರಿಕೆ ಸತತ ಏಳು ವರ್ಷ ಮರ್ಕ್ ಅನ್ನು ಅಮೆರಿಕದ ಅತಿ ಗೌರವಾನ್ವಿತ ಕಂಪನಿ ಎಂದು ಆರಿಸಿತು. ಅದಕ್ಕೆಲ್ಲ ಈ ಮಾತ್ರೆಯೇ ಕಾರಣ ಎನ್ನಲಾರೆ, ಕಾರಣವೇ ಅಲ್ಲ ಎನ್ನುವುದೂ ಕಷ್ಟ. ಒಬ್ಬರು ಕೊಟ್ಟದ್ದು ಉಳಿದವರಿಗೂ ತಾಗಿತು. 1998ರಲ್ಲಿ ಇಂದಿನ ಜಿಎಸ್‌ಕೆ ಆನೆಕಾಲು ರೋಗಕ್ಕೆ ಆಲ್ಬೆಂಡಜೋಲ್ ಕೊಡಲು ಮುಂದಾಯಿತು, ಫೈಜರ್ ಕಣ್ಣಿನ ಟ್ರಕೋಮಾ ರೋಗಕ್ಕೆ ತನ್ನ ಔಷಧ ಕೊಡತೊಡಗಿತು.

ನಮ್ಮಲ್ಲಿ ಇದೆಲ್ಲ ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಶಾಲೆಗೆ ಬಣ್ಣ ಬರುತ್ತದೆ, ಶೌಚಾಲಯ ಬರುತ್ತದೆ, ಅವಕ್ಕಿಂತ ದೊಡ್ಡ ನಾಮಫಲಕವೂ ಬರುತ್ತದೆ. ಆದರೆ ಬಣ್ಣವನ್ನು ಯಾರು ಬೇಕಾದರೂ ಹೊಡೆಸಬಹುದು. ಮರ್ಕ್ ಕೊಟ್ಟದ್ದು ಆಗ ಅದೊಂದೇ ಕಂಪನಿ ಮಾಡಬಲ್ಲದ್ದಾಗಿದ್ದ ವಸ್ತು, ತನ್ನ ಕಸುಬಿನ ಸಾರ. ಆ ವ್ಯತ್ಯಾಸ ಶೇ. 2ರ ಲೆಕ್ಕಕ್ಕೆ ಸಿಗುವುದಿಲ್ಲ ಎಂದೇ ನನಗನ್ನಿಸುತ್ತದೆ.

ಹಾಗೆಂದು ಆರತಿ ಎತ್ತಬೇಕಿಲ್ಲ. ಇದೇ ಕಂಪನಿ ಹೃದಯಕ್ಕೆ ಅಪಾಯ ತಂದ ವಯಾಕ್ಸ್ ಎಂಬ ನೋವಿನ ಮಾತ್ರೆಯನ್ನು 2004ರಲ್ಲಿ ವಾಪಸು ಪಡೆಯಬೇಕಾಯಿತು. ಮೊಕದ್ದಮೆಗಳನ್ನು ಇತ್ಯರ್ಥಗೊಳಿಸಲು 485 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದು ಕೈ ಕೊಟ್ಟ ಪುಣ್ಯ ಇನ್ನೊಂದು ಕೈಯ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಆದರೂ ಫಲ ನೋಡಿ! 2013ರಲ್ಲಿ ಕೊಲಂಬಿಯಾ, ಆಮೇಲೆ ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ ಒಂದರ ಹಿಂದೊಂದು ನದಿಕುರುಡಿನಿಂದ ಮುಕ್ತವಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. 2015ರಲ್ಲಿ ಒಮುರಾ ಮತ್ತು ಕ್ಯಾಂಪ್‌ಬೆಲ್ ನೊಬೆಲ್ ಹಂಚಿಕೊಂಡರು. ಅದೇ ಐವರ್‌ಮೆಕ್ಟಿನ್ ನಮ್ಮ ಯಾದಗಿರಿಗೂ ಬಂತು. ಆನೆಕಾಲು ರೋಗಕ್ಕೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂಬ ದೊಡ್ಡ ಪರೀಕ್ಷೆ ಭಾರತದಲ್ಲಿ ನಡೆದದ್ದು ಆ ಜಿಲ್ಲೆಯ ಹಳ್ಳಿಗಳಲ್ಲಿ! 2025ರ ಜನವರಿಯಲ್ಲಿ ನೈಜರ್ ಆಫ್ರಿಕದ ಮೊದಲ ನದಿಕುರುಡು ಮುಕ್ತ ದೇಶವಾಯಿತು. ಉಳಿದ ದೇಶಗಳಿಗೆ ಮಾತ್ರೆಯ ಪೆಟ್ಟಿಗೆಗಳು ಈಗಲೂ ಹೋಗುತ್ತಿವೆ, ಬಿಲ್ಲಿಲ್ಲದೆ.