ಲಸಿಕೆ, ಲೋಕಲ್ ರೈಲು ಮತ್ತು ನಮ್ಮ ಹೊಣೆ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ 2021ರ ಆಗಸ್ಟ್ 15 ನೆನಪಿನಲ್ಲಿ ಉಳಿಯುವ ದಿನ. ಕೊರೋನಾದ ಎರಡನೆಯ ಅಲೆಯಲ್ಲಿ ಜನಸಾಮಾನ್ಯರಿಗೆ ಮುಚ್ಚಿದ್ದ ಲೋಕಲ್ ರೈಲು ಅಂದು ಮತ್ತೆ ತೆರೆಯಿತು. ಆದರೆ ಲಸಿಕೆಯ ಎರಡೂ ಡೋಸ್ ಪಡೆದು, ಅನಂತರ 14 ದಿನ ಕಳೆದವರಿಗೆ ಮಾತ್ರ. ನಿಲ್ದಾಣದಲ್ಲಿ ಪ್ರಮಾಣಪತ್ರ ತೋರಿಸಿದ ಮೇಲೆಯೇ ಮಾಸಿಕ ಪಾಸ್. ಲಸಿಕೆ ಐಚ್ಛಿಕವೆಂದು ಕೇಂದ್ರ ಸರಕಾರ ಹೇಳುತ್ತಿದ್ದ ಕಾಲದಲ್ಲಿ, ದಿನದ ದುಡಿಮೆಗೆ ಹೋಗುವ ದಾರಿಯೇ ಲಸಿಕೆಯನ್ನು ಅವಲಂಬಿಸಿತು. ಈ ನಿಯಮ ನ್ಯಾಯವಾಗಿತ್ತೇ ಎಂಬ ಪ್ರಶ್ನೆಯನ್ನು ಇಂದು ಸಮಾಧಾನದಿಂದ ಪರಿಶೀಲಿಸಬಹುದು.

ಸರಕಾರದ ಪರವಾಗಿ ಹೇಳಬೇಕಾದುದು ಕಡಿಮೆಯಲ್ಲ. ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಜನ ಪರದಾಡಿದ್ದನ್ನು ನಾವೆಲ್ಲ ಕಂಡವರು. ಉಸಿರಿಗೆ ಉಸಿರು ತಾಗುವ ಲೋಕಲ್ ಡಬ್ಬಿಯನ್ನು ಯಾವ ಷರತ್ತೂ ಇಲ್ಲದೆ ತೆರೆಯಲು ಯಾವ ಆಡಳಿತವಾದರೂ ಹಿಂಜರಿಯುತ್ತಿತ್ತು.

ಆದರೆ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. 18ರಿಂದ 44ರ ವಯಸ್ಸಿನವರಿಗೆ ಲಸಿಕೆ ತೆರೆದದ್ದು 2021ರ ಮೇ 1ರಂದು. ಕೊರತೆಯಿಂದಾಗಿ ಮಹಾರಾಷ್ಟ್ರದಲ್ಲಿ ಕೆಲವೇ ದಿನಗಳಲ್ಲಿ ಅದು ಸ್ಥಗಿತಗೊಂಡಿತು. ಎಲ್ಲ ವಯಸ್ಕರಿಗೂ ಕೇಂದ್ರದ ಉಚಿತ ಲಸಿಕೆ ಆರಂಭವಾದದ್ದು ಜೂನ್ 21ರಂದು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಆಗ 84 ದಿನಗಳ ಅಂತರ. ಅಂದರೆ ಮೊದಲ ದಿನವೇ ಸಾಲಿನಲ್ಲಿ ನಿಂತು ಆ ಲಸಿಕೆ ಪಡೆದ ತರುಣನಿಗೂ ಎರಡನೆಯ ಡೋಸ್ ಸೆಪ್ಟೆಂಬರ್ 13ಕ್ಕೆ, ರೈಲು ಸೆಪ್ಟೆಂಬರಿನ ಕೊನೆಯ ವಾರಕ್ಕೆ! ಅವನು ಲಸಿಕೆಯನ್ನು ನಿರಾಕರಿಸಿದವನಲ್ಲ. ಅವನಿಗೆ ಅವಕಾಶವೇ ಬಂದಿರಲಿಲ್ಲ. ಮನೆಯಿಂದಲೇ ಕೆಲಸ ಮಾಡಬಲ್ಲವರಿಗೆ ಇದು ತಟ್ಟಲಿಲ್ಲ. ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ಮಾತ್ರ ಬಸ್ಸಿಗೋ ರಿಕ್ಷಾಕ್ಕೋ ಹೆಚ್ಚಿನ ಹಣ ಮತ್ತು ಸಮಯ ತೆತ್ತರು.

ಪ್ರಶ್ನೆ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿತು. ನಿರ್ಬಂಧದ ಆದೇಶಗಳನ್ನು ನಿಯಮದ ಪ್ರಕಾರ ಹೊರಡಿಸಿಲ್ಲವೆಂದು 2022ರ ಫೆಬ್ರವರಿಯಲ್ಲಿ ನ್ಯಾಯಾಲಯ ಆಕ್ಷೇಪಿಸಿತು. ಅದೇ ವರ್ಷ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಹತ್ವದ ತೀರ್ಪು ನೀಡಿತು. ದೇಹದ ಮೇಲಿನ ಹಕ್ಕು ಸಂವಿಧಾನದ 21ನೆಯ ವಿಧಿಯ ರಕ್ಷಣೆಗೆ ಒಳಪಟ್ಟದ್ದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಹಾಗೆಯೇ, ಸಾರ್ವಜನಿಕ ಆರೋಗ್ಯದ ಸಲುವಾಗಿ ಸರಕಾರ ನಿರ್ಬಂಧ ಹೇರಬಹುದು, ಆದರೆ ಅದು ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತದೆಂದು ತೋರಿಸುವ ದತ್ತಾಂಶ ತನ್ನ ಮುಂದೆ ಬಂದಿಲ್ಲವೆಂಬುದು ಆ ತೀರ್ಪಿನ ತಿರುಳು. ಅಡ್ಡ ಪರಿಣಾಮಗಳ ಮಾಹಿತಿ ಸಾರ್ವಜನಿಕರಿಗೆ ದೊರೆಯಬೇಕೆಂದೂ ಅದು ಆದೇಶಿಸಿತು.

ಹಾಗಾದರೆ ಲಸಿಕೆ ಕೇವಲ ಅವರವರ ಇಷ್ಟವೇ? ಅಲ್ಲವೆಂಬ ಪಾಠ ನಮ್ಮ ಜಿಲ್ಲೆಯಲ್ಲೇ ಬೇಗನೆ ದೊರೆಯಿತು. 2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಗೋವಂಡಿ, ಠಾಣೆ ಜಿಲ್ಲೆಯ ಭಿವಂಡಿ ಮತ್ತು ಮಾಲೆಗಾಂವ್‌ಗಳಲ್ಲಿ ದಡಾರ, ಮರಾಠಿಯವರು ಹೇಳುವ ಗೋವರ, ಉಲ್ಬಣಿಸಿತು. ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡರು. ಕೊರೋನಾ ಕಾಲದಲ್ಲಿ ತಪ್ಪಿಹೋದ ಲಸಿಕೆಗಳು ಇದಕ್ಕೆ ಒಂದು ಮುಖ್ಯ ಕಾರಣ. ದಡಾರದ ಒಬ್ಬ ರೋಗಿಯಿಂದ ರಕ್ಷಣೆಯಿಲ್ಲದ 12ರಿಂದ 18 ಮಂದಿಗೆ ಸೋಂಕು ತಗಲಬಲ್ಲದು. ಅದನ್ನು ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ಎರಡು ಡೋಸ್ ಆಗಿರಬೇಕು. ಮೊದಲ ಡೋಸ್ ಕೊಡುವುದು ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕಿಂತ ಎಳೆಯ ಕೂಸಿಗೆ ಸುತ್ತಲಿನ ಮಕ್ಕಳು ಪಡೆದ ಲಸಿಕೆಯೇ ಕವಚ. ಇಲ್ಲಿ ಒಂದು ಮನೆಯ ನಿರಾಕರಣೆಯ ಬೆಲೆಯನ್ನು ಪಕ್ಕದ ಮನೆಯ ತೊಟ್ಟಿಲು ತೆರಬೇಕಾಗುತ್ತದೆ.

ಎರಡೂ ಪ್ರಸಂಗಗಳನ್ನು ಜೊತೆಗಿಟ್ಟರೆ ನ್ಯಾಯದ ಅಳತೆಗೋಲು ದೊರೆಯುತ್ತದೆ. ಲಸಿಕೆ ಇತರರನ್ನು ಎಷ್ಟು ರಕ್ಷಿಸುತ್ತದೆ? ಅದು ಎಲ್ಲರ ಕೈಗೂ ಎಟುಕಿದೆಯೇ? ನಿರ್ಬಂಧಕ್ಕಿಂತ ಮೃದುವಾದ ದಾರಿ ಇದೆಯೇ? ಸಮಾಜದ ಹಿತಕ್ಕಾಗಿ ಲಸಿಕೆ ಪಡೆದು ಅಪರೂಪಕ್ಕೆ ತೊಂದರೆಗೊಳಗಾದವರ ಕೈಹಿಡಿಯಲಾಗುತ್ತಿದೆಯೇ? ಇವಕ್ಕೆ ಉತ್ತರ ಕೊಡಬೇಕಾದುದು ಸರಕಾರದ ಕರ್ತವ್ಯ.

ಮೃದುವಾದ ದಾರಿಗೆ ನಮ್ಮ ನಾಡಿನಲ್ಲೇ ಹಳೆಯ ನಿದರ್ಶನವಿದೆ. 1806ರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಸಿಡುಬಿನ ಲಸಿಕೆ ಪಡೆದರು. ಚಿತ್ರಕಾರ ಥಾಮಸ್ ಹಿಕಿಯ ಒಂದು ವರ್ಣಚಿತ್ರ ಇದನ್ನೇ ಸಾರುತ್ತದೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಜ್ಞೆಗಿಂತ ಅರಮನೆಯ ತೋಳು ಜನರಿಗೆ ಧೈರ್ಯ ನೀಡಿತು.

ಅರಮನೆಯ ಕಾಲ ಕಳೆದಿದೆ. ಆದರೆ ನಂಬುಗೆಯ ಮಾತಿಗೆ ಇಂದಿಗೂ ಬೆಲೆಯಿದೆ. ಬಲವಂತ ಬೇಡವೆಂದು ಹೇಳುವ ನಾವು, ನೆರೆಯ ಕೂಸಿನ ಹೊಣೆಯನ್ನೂ ಹೊರಬೇಕು. ಮನೆಯ ಮಕ್ಕಳ ಲಸಿಕೆ ಕಾರ್ಡನ್ನು ಒಮ್ಮೆ ತೆರೆದು ನೋಡೋಣ. ನಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಮಗುವಿನ ಕಾರ್ಡನ್ನೂ ವಿಚಾರಿಸೋಣ. ಡೋಸ್ ತಪ್ಪಿದ್ದರೆ ಅರ್ಧ ದಿನದ ರಜೆ ಕೊಟ್ಟು ಕಳುಹಿಸೋಣ.