ವಾರಕ್ಕೆ ಐದೇ ಗಂಟೆ

ವಾರಕ್ಕೆ ಐದೇ ಗಂಟೆ ಸಿಕ್ಕರೆ,
ಒಬ್ಬರನ್ನ ಪ್ರೀತಿಸೋಕೆ ಸಾಕಾಗುತ್ತಾ?

‘ಬ್ಲ್ಯಾಕ್ ಮಿರರ್’ ಸರಣಿಯ ‘ಸ್ಯಾನ್ ಜುನಿಪೆರೊ’.
2016ರಲ್ಲಿ ಬಂದ ಕಂತು.

1987ರ ಒಂದು ರಾತ್ರಿ.
ಕಡಲತೀರದ ಊರಿನ ಡ್ಯಾನ್ಸ್ ಕ್ಲಬ್.
ಸಂಕೋಚದ ಯಾರ್ಕಿಗೆ
ಮಾತಿನಮಲ್ಲಿ ಕೆಲ್ಲಿ ಸಿಗ್ತಾಳೆ.

ಆ ಊರು ಇರೋದು ಕಂಪ್ಯೂಟರ್ ಒಳಗೆ!
ಹೊರಗೆ, ಇಬ್ಬರೂ ವಯಸ್ಸಾದವರು.

ಹೊರಗಿನ ಬದುಕಲ್ಲಿ ಯಾರ್ಕಿಗೆ 21 ಇದ್ದಾಗ,
‘ನನಗೆ ಹುಡುಗಿಯರೇ ಇಷ್ಟ’ ಅಂತ ಮನೇಲಿ ಹೇಳಿದ್ಲು.
ಅಪ್ಪ ಅಮ್ಮ ಒಪ್ಪಲಿಲ್ಲ.
ಕಾರು ಹತ್ತಿ ಹೊರಟವಳಿಗೆ ಅಪಘಾತ.
ಆಮೇಲೆ 40ಕ್ಕೂ ಹೆಚ್ಚು ವರ್ಷ,
ಕೈಕಾಲು ಆಡಲಿಲ್ಲ.

ಬದುಕಿರೋರಿಗೆ ಆ ಊರಲ್ಲಿ ವಾರಕ್ಕೆ ಐದೇ ಗಂಟೆ.
ಆಸ್ಪತ್ರೇಲಿ ರೋಗಿ ನೋಡೋ ಟೈಮ್ ಇದ್ದ ಹಾಗೆ,
ಮುಗಿದ್ರೆ ಎದ್ದು ಹೊರಡಲೇಬೇಕು.

ಯಾರ್ಕಿಯ ಕನ್ನಡಕ ಗಮನಿಸಿ.
ಆ ಊರಲ್ಲಿ ಅದು ಬೇಕಾಗೇ ಇಲ್ಲ.
ಆದ್ರೂ ಹಾಕ್ಕೋತಾಳೆ, ಧೈರ್ಯಕ್ಕೆ.
ನನಗೆ ಕಣ್ಣು ತುಂಬಿದ್ದು ಅಲ್ಲೇ.